ಆನೆಗೊಂದಿ ಗುಡ್ಡಗಳಲ್ಲಿ ಓಡೋಕೆ ಹಾದಿ ಬೇಕು, ಎಲ್ಲಿಂದ ಶುರು ಮಾಡೋಣ?

ಪ್ರಶ್ನೆ: ನಾವು ಗಂಗಾವತಿಯ ಏಳೆಂಟು ಜನ ಗೆಳೆಯರು. ದಿನಾ ಬೆಳಗ್ಗೆ ರಸ್ತೆಯಲ್ಲಿ ಓಡುತ್ತೇವೆ, ಆದರೆ ಲಾರಿ, ಟ್ರ್ಯಾಕ್ಟರ್‌ಗಳ ಕಾಟ ಜಾಸ್ತಿ. ಪಕ್ಕದಲ್ಲೇ ಆನೆಗೊಂದಿ ಗುಡ್ಡಗಳಿವೆ. ಅಲ್ಲಿ ನಾವೇ ಕೈಯಾರೆ ಹತ್ತು ಕಿ.ಮೀ. ಟ್ರೇಲ್ ಮಾಡಿ, ಬಂಡೆಗಳ ಮೇಲೆ ಬಾಣದ ಗುರುತು ಬರೆದು, ಜನವರಿಯಲ್ಲಿ ಒಂದು ಓಟದ ಸ್ಪರ್ಧೆ ಇಡಬೇಕು ಅಂತ ಆಸೆ. ಮನೆಯಲ್ಲಿ ಚಿರತೆ, ಕರಡಿ ಅಂತ ಬೇಡ ಅನ್ನುತ್ತಾರೆ. ಯಾರ ಅನುಮತಿ ಬೇಕು? ಎಂಥ ಶೂ ತೊಗೊಳ್ಳಬೇಕು? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಆ ಹತ್ತು ಕಿ.ಮೀ. ಬಿಡಿ. ಮೂರು ಕಿ.ಮೀ. ಇಟ್ಟುಕೊಳ್ಳಿ.

ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚೋಕೆ ಹೇಳುತ್ತಿಲ್ಲ. ಹಾದಿ ಮಾಡೋದು ನಾಲ್ಕು ಭಾನುವಾರದ ಕೆಲಸ. ಅದನ್ನು ನೋಡಿಕೊಳ್ಳೋದು ವರ್ಷವಿಡೀ ಇರುವ ಕೆಲಸ. ಒಂದು ಮಳೆಗಾಲ ಕೈಬಿಟ್ಟರೆ ಸಾಕು, ನಡುವೆ ಕೊರಕಲು ಬೀಳುತ್ತದೆ, ಎರಡೂ ಕಡೆಯಿಂದ ಜಾಲಿ ಬಂದು ಕೈ ಕುಲುಕುತ್ತದೆ. ನನ್ನ ಲೆಕ್ಕ ಇಷ್ಟೇ: ಒಂದು ಕಿ.ಮೀ. ಹಾದಿಗೆ ಇಬ್ಬರು ಹೆಸರು ಕೊಡಬೇಕು. ಬರೀ ಓಡೋಕೆ ಅಲ್ಲ, ಸಲಿಕೆ ಹಿಡಿಯೋಕೆ. ನೀವು ಏಳೆಂಟು ಜನ ಇದ್ದೀರಿ, ಒಬ್ಬಿಬ್ಬರು ನಡುವೆ ಕೈಕೊಡುತ್ತಾರೆ ಅಂತಲೇ ಇಟ್ಟುಕೊಳ್ಳಿ. ಉಳಿದವರಿಗೆ ಮೂರು ಕಿ.ಮೀ. ಸರಿಹೋಗುತ್ತದೆ. ಅದನ್ನೇ ಎರಡು ಸುತ್ತು ಓಡಿದರೆ ಆರು ಕಿ.ಮೀ. ಆಯ್ತು ಅಲ್ವಾ.

ಇದು ನಾನು ಹುಟ್ಟಿಸಿದ ಲೆಕ್ಕವೂ ಅಲ್ಲ. ಅಮೆರಿಕದ ಅಪಲಾಚಿಯನ್ ಟ್ರೇಲ್ ಸುಮಾರು 3,500 ಕಿ.ಮೀ. ಉದ್ದ, 14 ರಾಜ್ಯಗಳನ್ನು ದಾಟುತ್ತದೆ. 1921ರಲ್ಲಿ ಅದರ ಯೋಚನೆ ಶುರುವಾಯಿತು, 1937ರಲ್ಲಿ ಹಾದಿ ಪೂರ್ತಿಯಾಯಿತು. ಇವತ್ತಿಗೂ ಅದನ್ನು ನೋಡಿಕೊಳ್ಳುವವರು ಸುಮಾರು 30 ಸ್ವಯಂಸೇವಕ ಕ್ಲಬ್‌ಗಳ ಜನ. ಒಂದೊಂದು ಕ್ಲಬ್‌ಗೆ ಒಂದೊಂದು ತುಂಡು ಹಂಚಿದ್ದಾರೆ. ಕ್ಲಬ್ ಒಳಗೆ ಮತ್ತೆ ಕೆಲವು ಕಿ.ಮೀ.ಗೆ ಒಬ್ಬೊಬ್ಬರು ಹೊಣೆ. ಅಷ್ಟು ಉದ್ದದ ಹಾದಿ ನಿಂತಿರೋದು ‘ಈ ತುಂಡು ನಂದು’ ಅನ್ನುವವರ ಮೇಲೆ.

ಎರಡನೇ ಮಾತು. ನೀವು ಹಾದಿ ‘ಮಾಡಬೇಕು’ ಅಂದಿದ್ದೀರಿ. ಆನೆಗೊಂದಿ, ಸಾಣಾಪುರ, ಹಿರೇಬೆಣಕಲ್ ಸುತ್ತ ಹಾದಿಗೆ ಬರವಿಲ್ಲ. ದನದ ಹಾದಿ, ಕುರಿ ಹಾದಿ, ಕಟ್ಟಿಗೆಗೆ ಹೋಗುವವರ ಹಾದಿ, ಗುಡ್ಡದ ಮೇಲಿನ ಗುಡಿಗೆ ವರ್ಷಕ್ಕೊಮ್ಮೆ ಹೋಗುವ ಹಾದಿ, ಎಲ್ಲ ಇವೆ. ಹಿರೇಬೆಣಕಲ್ ಹತ್ತಿರ ಮೋರ್ಯರ ಗುಡ್ಡದ ಮೇಲೆ ಶಿಲಾಯುಗ ಮುಗಿದ ಕಾಲದ ಕಲ್ಲುಮನೆಗಳು, ಅಂದರೆ ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ಸಮಾಧಿಗಳು, ನೂರಾರು ಇವೆ. ಅಂದರೆ ಈ ಗುಡ್ಡಗಳಲ್ಲಿ ಜನ ಓಡಾಡೋಕೆ ಶುರು ಮಾಡಿ ಎರಡು ಸಾವಿರ ವರ್ಷದ ಮೇಲಾಯಿತು. ಹೊಸ ಹಾದಿ ಕಡಿಯುವ ಮುಂಚೆ ಹಳೇ ಹಾದಿ ಹುಡುಕಿ.

ಹುಡುಕೋಕೆ ಮ್ಯಾಪ್‌ಗಿಂತ ಕುರಿಗಾಹಿ ಒಳ್ಳೆಯವರು. ನಾಲ್ಕಾರು ಮುಂಜಾನೆ ಸುಮ್ನೆ ನಡೆಯಿರಿ, ಓಡಬೇಡಿ. ಸಿಕ್ಕವರನ್ನು ಮಾತಾಡಿಸಿ. ಯಾವ ಹಳ್ಳ ಯಾವಾಗ ತುಂಬುತ್ತದೆ, ಯಾವ ಬಂಡೆ ಸಂದಿನಲ್ಲಿ ಕರಡಿ ಮಲಗುತ್ತದೆ, ಯಾವ ಬಂಡೆಗೆ ಹೆಜ್ಜೇನು ಕಟ್ಟುತ್ತದೆ, ಇವೆಲ್ಲ ಅವರಿಗೆ ಗೊತ್ತು. ಅವರೂ ನಿಮ್ಮನ್ನು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ: ‘ಯಾಕ್ರಿ ಹಿಂಗ ಓಡ್ತೀರಿ, ಯಾರರ ಬೆನ್ನ ಹತ್ಯಾರೇನು?’ ನಕ್ಕು ಉತ್ತರ ಕೊಡಿ. ಆ ನಗುವಿನಿಂದಲೇ ಪರಿಚಯ ಶುರು. ಮುಂದೆ ಅವರ ನಾಯಿಗಳು ನಿಮ್ಮ ಕಾಲಿಗೆ ಬೀಳದೆ ಇರೋಕೂ ಈ ಪರಿಚಯವೇ ಬೇಕು. ಕುರಿ ಹಿಂಡು ಕಂಡ ತಕ್ಷಣ ಓಟ ನಿಲ್ಲಿಸಿ, ನಡೆಯಿರಿ, ದೂರದಿಂದಲೇ ‘ಯಣ್ಣಾ, ನಾಯಿ ಕರ್ಕೋರಿ’ ಅಂತ ಕೂಗಿ. ಹಿಂಡಿನ ನಾಯಿಗೆ ಓಡಿ ಬರುವವನು ಕಳ್ಳನೇ. ನಾಯಿ ಹಲ್ಲು ತಾಗಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ. ಸಣ್ಣ ಗೀರು ಅಂತ ಬಿಡಬೇಡಿ.

ಹಳೇ ಹಾದಿಯಲ್ಲೂ ಎಲ್ಲವೂ ಓಡೋಕೆ ಒಪ್ಪುವುದಿಲ್ಲ. ದನದ ಹಾದಿ ಸಾಮಾನ್ಯವಾಗಿ ಗುಡ್ಡಕ್ಕೆ ಅಡ್ಡಡ್ಡ ಹೋಗುತ್ತದೆ, ನಿಧಾನವಾಗಿ ಏರುತ್ತದೆ. ಅದು ಒಳ್ಳೇ ಹಾದಿ. ಗುಡಿಗೆ ಹೋಗುವ ಹಾದಿ ಹಲವು ಕಡೆ ನೇರವಾಗಿ ಮೇಲಕ್ಕೆ ಎದ್ದಿರುತ್ತದೆ. ಮಳೆ ಬಂದರೆ ಅದೇ ಹಳ್ಳ. ಟ್ರೇಲ್ ಕೆಲಸ ಮಾಡುವವರು ಎಲ್ಲೆಡೆ ಪಾಲಿಸುವ ಎರಡು ಅಳತೆ ನೆನಪಿಟ್ಟುಕೊಳ್ಳಿ. ಒಂದು, ಹಾದಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಜಾಸ್ತಿ ಇದ್ದರೆ ನೀರು ಹಾದಿಯನ್ನು ದಾಟಿ ಕೆಳಗೆ ಹೋಗದೆ ಹಾದಿಯನ್ನೇ ಹಿಡಿದು ಹರಿಯುತ್ತದೆ. ಇನ್ನೊಂದು, ಒಟ್ಟು ಹಾದಿಯ ಸರಾಸರಿ ಏರು ನೂರಕ್ಕೆ ಹತ್ತರ ಆಸುಪಾಸು ಇರಬೇಕು. ಅಂದರೆ ಹತ್ತು ಮೀಟರ್ ನಡೆದರೆ ಒಂದು ಮೀಟರ್ ಏರು.

ಈಗ ಅನುಮತಿ. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನೀವು ಆರಿಸಿಕೊಂಡಿರುವ ಜಾಗ ಅಂಥದ್ದು.

ಆನೆಗೊಂದಿ ಸುತ್ತಮುತ್ತ ನಾಲ್ಕು ಹೆಜ್ಜೆ ಇಟ್ಟರೆ ಜಾಗದ ಒಡೆಯರು ಬದಲಾಗುತ್ತಾರೆ. ಪಟ್ಟಾ ಹೊಲ, ಗಾಯರಾಣ (ಊರ ದನ ಮೇಯುವ ಸರ್ಕಾರಿ ಜಾಗ), ಅರಣ್ಯ, ನೀರಾವರಿ ಇಲಾಖೆಯ ಕಾಲುವೆ ದಂಡೆ, ಸ್ಮಾರಕದ ಜಾಗ. ಬೇಲಿ ಎಲ್ಲೂ ಇರೋದಿಲ್ಲ. ಹಾಗಾಗಿ ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಹಾದಿಯ ಮೇಲೆ ನಿಂತು ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ನೂರಿನ್ನೂರು ಹೆಜ್ಜೆಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಿ. ಆಮೇಲೆ ಗ್ರಾಮ ಆಡಳಿತಾಧಿಕಾರಿ ಹತ್ತಿರ ಊರ ನಕಾಶೆ ನೋಡಿ. ಹಳೇ ಬಂಡಿ ದಾರಿ, ಕಾಲುದಾರಿಗಳನ್ನು ಅದರಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ. ನಿಮ್ಮ ಮೂರು ಕಿ.ಮೀ. ಆದಷ್ಟು ಆ ಗೆರೆಗಳ ಮೇಲೇ ಬರುವಂತೆ ನೋಡಿಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು.

ಹೊಲದವರನ್ನು ಖುದ್ದಾಗಿ ಮನೆಗೆ ಹೋಗಿ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಬೇಡ. ಬದು ಮೇಲೆ ಹೋಗಬಹುದಾ, ಭತ್ತ ಕೊಯ್ಲಿನ ಹೊತ್ತಿಗೆ ಬೇಡವಾ, ಸ್ಪಷ್ಟ ಮಾಡಿಕೊಳ್ಳಿ. ಅರಣ್ಯ ಭೂಮಿ ಬಂದರೆ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ, ಲಿಖಿತ ಒಪ್ಪಿಗೆ ಬರುವ ತನಕ ಒಂದು ಕೊಂಬೆಯನ್ನೂ ಮುರಿಯಬೇಡಿ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಓಡಾಡೋದು, ಕಡಿಯೋದು ಕಾನೂನಿನ ಪ್ರಕಾರ ಅಪರಾಧ. ‘ನಾವು ಒಳ್ಳೇದಕ್ಕೇ ಮಾಡಿದ್ವಿ’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಆನೆಗೊಂದಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆ. 2002ರ ಕಾಯ್ದೆಯಿಂದ ಬಂದ ಪ್ರಾಧಿಕಾರ ಅದು. ನದಿಯ ಈಚೆ ದಂಡೆಯ ಹಲವು ಹಳ್ಳಿಗಳೂ ಅದರ ಕೆಳಗೆ ಬರುತ್ತವೆ. ಇನ್ನು ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿರುವ ಸ್ಮಾರಕವಾದರೆ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಗುದ್ದಲಿ ಎತ್ತುವ ಯೋಚನೆಯೇ ಬೇಡ. ನದಿ ದಂಡೆಯೂ ಸುಲಭ ಅಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ನೀರುನಾಯಿಗಳು ದಂಡೆಯ ಬಂಡೆ ಸಂದುಗಳಲ್ಲೇ ಮರಿ ಹಾಕುತ್ತವೆ. ಮೊಸಳೆಗಳೂ ಇವೆ. ನದಿ ಅಂಚು ಬಿಟ್ಟುಬಿಡಿ.

ಇಷ್ಟೆಲ್ಲ ಓದಿ ಸಾಕಪ್ಪ ಅನಿಸಿರಬೇಕು. ಅದಕ್ಕೇ ನನ್ನ ಸಲಹೆ, ಮೊದಲ ಹಾದಿಯನ್ನು ಅಂಜನಾದ್ರಿ, ಪಂಪಾ ಸರೋವರ, ದುರ್ಗಾ ಬೆಟ್ಟ ಇಂಥ ಹೆಸರುವಾಸಿ ಜಾಗದಲ್ಲಿ ಇಡಲೇಬೇಡಿ. ಅಂಜನಾದ್ರಿಯ ಸುಮಾರು 575 ಮೆಟ್ಟಿಲಲ್ಲಿ ಎಷ್ಟೋ ಜನ ಬರಿಗಾಲಲ್ಲಿ, ಮಕ್ಕಳನ್ನು ಎತ್ತಿಕೊಂಡು ಹತ್ತುತ್ತಿರುತ್ತಾರೆ. ಅವರ ನಡುವೆ ವಾಚ್ ನೋಡುತ್ತಾ ನುಗ್ಗೋದು ಚಂದವಲ್ಲ. ಮೋರ್ಯರ ಗುಡ್ಡಕ್ಕೂ ಇದೇ ಮಾತು. ಅಲ್ಲಿಗೆ ನಡೆದು ಹೋಗಿ, ಬಂಡೆ ನೆತ್ತಿಯ ಕಲ್ಲಿನ ನಗಾರಿ (ಬಡಿದರೆ ನಗಾರಿಯಂತೆ ಸದ್ದು ಮಾಡುವ ಗುಂಡು) ನೋಡಿ ಬನ್ನಿ. ಕಲ್ಲುಮನೆಗಳ ನಡುವೆ ಓಡಬೇಡಿ. ನಿಮ್ಮ ಊರ ಪಕ್ಕದ ಹೆಸರಿಲ್ಲದ ಗುಡ್ಡ, ಒಂದು ಗ್ರಾಮ ಪಂಚಾಯಿತಿಯ ಗಡಿಯೊಳಗೆ ಇರುವ ಗಾಯರಾಣ, ಒಂದಿಷ್ಟು ಕಾಲುವೆ ದಂಡೆ, ಇಷ್ಟು ಸಿಕ್ಕರೆ ಬೇಕಾದಷ್ಟಾಯಿತು. ಪಂಚಾಯಿತಿಗೆ ಒಂದು ಅರ್ಜಿ, ನೀರಾವರಿ ಕಚೇರಿಗೆ ಒಂದು ಪತ್ರ. ಓಟಕ್ಕೆ ಗುಡ್ಡದ ಹೆಸರು ಬೇಕಾಗಿಲ್ಲ.

ಮನೆಯವರ ಭಯಕ್ಕೆ ಬರೋಣ. ಅವರು ಸುಮ್ನೆ ಹೆದರಿಸುತ್ತಿಲ್ಲ. ಈ ಗುಡ್ಡಗಳಲ್ಲಿ ಚಿರತೆ ಇದೆ, ಕರಡಿಯೂ ಇದೆ. ಹೊಳೆಯಾಚೆ ದರೋಜಿಯಲ್ಲಿ 1994ರಿಂದ ಕರಡಿಧಾಮವೇ ಇದೆಯಲ್ಲ. ಬಂಡೆ ಮೇಲೆ ಬಂಡೆ ಬಿದ್ದು ಆದ ಗವಿಗಳು ಕರಡಿಗೂ ಚಿರತೆಗೂ ಹೇಳಿ ಮಾಡಿಸಿದ ಮನೆ. ಹಾಗಂತ ಓಡಲೇಬಾರದು ಅಂತಲ್ಲ. ಹೊತ್ತು ನೋಡಿ ಓಡಬೇಕು.

ಇಲ್ಲೇ ಒಂದು ತೊಡಕು ಇದೆ. ಓಡುವವರಿಗೆ ತಂಪು ಹೊತ್ತು ಬೇಕು. ಕರಡಿ, ಚಿರತೆ ಓಡಾಡುವುದೂ ಅದೇ ತಂಪು ಹೊತ್ತಲ್ಲಿ. ನಸುಕಿನಲ್ಲಿ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡುವ ಬೆಂಗಳೂರಿನ ಚಾಳಿ ನಮ್ಮ ಗುಡ್ಡಕ್ಕೆ ಬೇಡ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದೇ 6:45 ದಾಟಿದ ಮೇಲೆ. ಬೆಳಕು ಚೆನ್ನಾಗಿ ಹರಿದ ಮೇಲೆ, 7:15ರ ಹೊತ್ತಿಗೆ ಕಾಲಿಡಿ. 9:30ಕ್ಕೆ ಕೆಳಗೆ ಇಳಿದಿರಿ. ಚಳಿಗಾಲದಲ್ಲಿ ಬಿಸಿಲಿನ ತೊಂದರೆ ಇಲ್ಲ. ಮಾರ್ಚ್ ಬಂತು ಅಂದರೆ ಪ್ರಾಣಿಗಳು ಓಡಾಡುವ ಹೊತ್ತು, ಬಿಸಿಲೇರುವ ಹೊತ್ತು, ಈ ಎರಡರ ನಡುವೆ ಜಾಗವೇ ಉಳಿಯುವುದಿಲ್ಲ. ಆಗ ಗುಡ್ಡ ಬಿಟ್ಟು ಕಾಲುವೆ ದಂಡೆಗೆ ಬನ್ನಿ. ನನ್ನ ಅನುಭವದಲ್ಲಿ ನಮ್ಮ ಕಡೆ ಗುಡ್ಡದ ಓಟ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಆಟ.

ಕರಡಿಯ ಕಿವಿ, ಕಣ್ಣು ಅಷ್ಟು ಚುರುಕಲ್ಲ. ಮೂಗು ಮಾತ್ರ ಚುರುಕು. ಹಾಗಾಗಿ ನೀವು ಸದ್ದಿಲ್ಲದೆ ತಿರುವಿನಲ್ಲಿ ಏಕಾಏಕಿ ಎದುರಾದರೆ ಅದು ಗಾಬರಿಯಿಂದ ಮೈಮೇಲೆ ಬರುತ್ತದೆ. ಇಬ್ಬರು ಮೂವರು ಸೇರಿ ಹೋಗಿ, ಮಾತಾಡುತ್ತಾ ಹೋಗಿ, ಕಿವಿಗೆ ಇಯರ್‌ಫೋನ್ ಬೇಡ. ಬಂಡೆ ಸಂದಿನ ತಿರುವಿಗೆ ಮುಂಚೆ ಚಪ್ಪಾಳೆ ತಟ್ಟಿ. ಸೀತಾಫಲ, ಬಾರೆ ಹಣ್ಣು ಬಿಡುವ ದಿನಗಳಲ್ಲಿ ಇನ್ನೂ ಎಚ್ಚರ. ಹುತ್ತ ಕೆದರಿ ದೊಡ್ಡ ಗುಂಡಿ ಮಾಡಿದ್ದು ಕಂಡರೆ ಅದು ಕರಡಿಯ ಕೆಲಸ. ಮಣ್ಣು ಹಸಿ ಇದ್ದರೆ ವಾಪಸ್ ಬನ್ನಿ. ಎದುರಾದರೆ ಓಡಬೇಡಿ, ಮುಖ ಅದರ ಕಡೆಗೇ ಇಟ್ಟು ನಿಧಾನ ಹಿಂದೆ ಸರಿಯಿರಿ. ಚಿರತೆ ಕಂಡರೂ ಓಡಬಾರದು, ಬಗ್ಗಬಾರದು. ಎತ್ತರವಾಗಿ ನಿಂತು ಗಟ್ಟಿ ದನಿ ಮಾಡಿ. ಅರಣ್ಯ ಇಲಾಖೆಯವರು ಬೋನು ಇಟ್ಟಿರುವ ದಿನಗಳಲ್ಲಿ ಆ ಕಡೆ ತಲೆ ಹಾಕಲೇಬೇಡಿ.

ಹಾವಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಣ ಬಂಡೆ ನಾಡಿನಲ್ಲಿ ಉರಿಮಂಡಲ ಸಣ್ಣದಾಗಿ, ಮಣ್ಣಿನ ಬಣ್ಣದಲ್ಲೇ ಇರುತ್ತದೆ. ಕಲ್ಲು ಎತ್ತುವಾಗ ಕೈ ಹಾಕುವ ಮುಂಚೆ ಹಾರೆಯಿಂದ ಮೀಟಿ ನೋಡಿ. ಕಚ್ಚಿದರೆ ಕಟ್ಟು ಕಟ್ಟೋದು, ಕೊಯ್ಯೋದು, ಹೀರೋದು ಯಾವುದೂ ಬೇಡ. ಕಾಲು ಅಲುಗಾಡದಂತೆ ಹೊತ್ತುಕೊಂಡು ಬಂದು 108ಕ್ಕೆ ಫೋನ್ ಮಾಡಿ. ಪ್ರತಿವಿಷದ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಅನ್ನೋದನ್ನು ಹಾದಿ ಶುರು ಮಾಡುವ ಮೊದಲೇ ಕೇಳಿ ಇಟ್ಟುಕೊಳ್ಳಿ.

ಈಗ ನನಗೆ ಇಷ್ಟವಾದ ಭಾಗ, ಕೈಕೆಲಸ.

ಹಾದಿಯನ್ನು ಹಾಳು ಮಾಡೋದು ಓಡುವವರ ಕಾಲಲ್ಲ, ನೀರು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮಳೆ ಕಡಿಮೆ, ಅದಕ್ಕೆ ನೀರಿನ ಚಿಂತೆ ಬೇಡ ಅಂದುಕೊಳ್ಳುತ್ತಾರೆ. ಆದರೆ ನಮ್ಮ ಮಳೆ ಬಂದರೆ ಒಂದೇ ಏಟಿಗೆ ಬರುತ್ತದೆ, ಅದರಲ್ಲೂ ಸೆಪ್ಟೆಂಬರ್‌ನಲ್ಲಿ. ಬಂಡೆ ಒಂದು ಹನಿಯನ್ನೂ ಕುಡಿಯುವುದಿಲ್ಲ. ಬಂಡೆ ಮೇಲೆ ಬಿದ್ದ ಅಷ್ಟೂ ನೀರು ಕೆಳಗಿನ ಮಸಾರಿ ಮಣ್ಣಿಗೆ ಬಂದು ಅಪ್ಪಳಿಸುತ್ತದೆ. ಅಲ್ಲೇ ನಿಮ್ಮ ಹಾದಿ ಇರುತ್ತದೆ.

ಮಳೆ ಬರುವಾಗ ಒಮ್ಮೆ ಹೋಗಿ ನಿಂತು ನೋಡಿ. ಗುಡುಗು, ಸಿಡಿಲು ಇಲ್ಲದ ಮಳೆ ಇರಲಿ. ನೀರು ಎಲ್ಲಿ ಹಾದಿಗೆ ಇಳಿಯುತ್ತದೆ, ಎಷ್ಟು ದೂರ ಹಾದಿಯಲ್ಲೇ ಓಡುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ, ಮೂರು ಜಾಗಕ್ಕೂ ಕಲ್ಲಿಟ್ಟು ಗುರುತು ಮಾಡಿ. ನೀರು ಇಳಿಯುವ ಜಾಗದಿಂದ ಸ್ವಲ್ಪ ಕೆಳಗೇ ಅದನ್ನು ಹೊರಗೆ ಕಳಿಸಬೇಕು.

ಮಾಡೋದು ಹೀಗೆ. ಹಾದಿಗೆ ನೇರ ಅಡ್ಡವಾಗಿ ಅಲ್ಲ, ಓರೆಯಾಗಿ ಒಂದು ಗೆರೆ ಎಳೆಯಿರಿ. ಗುಡ್ಡದ ಕಡೆಯ ತುದಿ ಮೇಲೆ, ಇಳಿಜಾರಿನ ಕಡೆಯ ತುದಿ ಕೆಳಗೆ. ಆ ಗೆರೆ ಹಿಡಿದು ಒಂದು ಗೇಣು ಆಳ ಅಗೆಯಿರಿ. ಅಗಲವಾದ, ತೂಕದ ಕಲ್ಲುಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ. ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೋಗಬೇಕು, ಒಂದು ಪಾಲು ಮೇಲೆ ಕಾಣಬೇಕು. ಕೆಳಗಿನ ಬದಿಗೆ ಗರಸು ತುಂಬಿ ಹಾರೆಯ ಹಿಂಬದಿಯಿಂದ ಗಟ್ಟಿಯಾಗಿ ಕುಟ್ಟಿ. ಆಮೇಲೆ ಒಬ್ಬರು ಕಲ್ಲಿನ ಮೇಲೆ ನಿಂತು ಜಿಗಿಯಿರಿ. ಅಲುಗಾಡಿದರೆ ಕಿತ್ತು ಮತ್ತೆ ಕೂರಿಸಿ. ಓಡುವವರ ಪಾದ ಅದರ ಮೇಲೆ ಬಿದ್ದೇ ಬೀಳುತ್ತದೆ, ಅಲುಗಾಡುವ ಕಲ್ಲು ಮೊಣಕಾಲು ಮುರಿಯುತ್ತದೆ. ಕೊನೆಗೆ ನೀರು ಹೊರಹೋಗುವ ತುದಿಯಲ್ಲಿ ಮೂರು ನಾಲ್ಕು ಅಡಿ ಉದ್ದದ ಸಣ್ಣ ಕಾಲುವೆ ಬಿಡಿಸಿ. ಎಲ್ಲರೂ ಮರೆಯೋದು ಇದನ್ನೇ. ಕಾಲುವೆ ಇಲ್ಲದಿದ್ದರೆ ನೀರು ಅಲ್ಲೇ ನಿಂತು ಹೂಳು ತುಂಬಿ, ಮುಂದಿನ ಮಳೆಗೆ ಕಲ್ಲಿನ ಮೇಲಿಂದಲೇ ಹಾರಿ ಹೋಗುತ್ತದೆ.

ಇಂಥದ್ದೊಂದು ಮಾಡೋಕೆ ಮೂವರಿಗೆ ಅರ್ಧ ದಿನ ಬೇಕು. ಹೊಸದಾಗಿ ಮಾಡೋಕೆ ಒಳ್ಳೇ ಹೊತ್ತು ಮೇ ಕೊನೆಯಲ್ಲಿ, ಮೊದಲ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ. ಏಪ್ರಿಲ್‌ನ ಮಸಾರಿ ನೆಲಕ್ಕೆ ಗುದ್ದಲಿ ಹೊಡೆದರೆ ಕಿಡಿ ಬರುತ್ತದೆ ಅಷ್ಟೇ. ಮಳೆಗಾಲದ ನಡುವೆ ಒಮ್ಮೆ ಹೂಳು ತೆಗೆಯಿರಿ. ಎರೆ ಭೂಮಿಯಲ್ಲಿ ಮಾತ್ರ ಹಾದಿ ಹಾಕಬೇಡಿ. ಹನಿ ಬಿದ್ದರೆ ಸಾಕು, ಒಂದೊಂದು ಶೂಗೆ ಒಂದೊಂದು ಕಿಲೋ ಮಣ್ಣು ಅಂಟುತ್ತದೆ. ನೀವು ತುಳಿದ ಗುರುತು ಬೇಸಿಗೆವರೆಗೂ ಹೆಪ್ಪುಗಟ್ಟಿ ಉಳಿಯುತ್ತದೆ.

ಇನ್ನು ಬಳ್ಳಾರಿ ಜಾಲಿ. ಪಾಪ, ದಕ್ಷಿಣ ಅಮೆರಿಕ ಕಡೆಯಿಂದ ಬಂದ ಗಿಡಕ್ಕೆ ನಮ್ಮ ಪಕ್ಕದ ಜಿಲ್ಲೆಯ ಹೆಸರು ಬಂದು ಕೂತಿದೆ. ಅದನ್ನು ಮೇಲಿಂದ ಕಡಿದರೆ ಕಡಿದ ಜಾಗದಿಂದ ಐದಾರು ಚಿಗುರು ಒಡೆದು ಮೊದಲಿಗಿಂತ ದಟ್ಟವಾಗುತ್ತದೆ. ಬುಡದ ಸುತ್ತ ಮಣ್ಣು ಬಿಡಿಸಿ, ನೆಲದಿಂದ ಒಂದು ಗೇಣು ಕೆಳಗೆ ಬೇರನ್ನು ಕೊಡಲಿಯಿಂದ ತುಂಡರಿಸಬೇಕು. ಎಲ್ಲ ಕಿತ್ತು ಹಾಕೋಕೆ ಹೋಗಬೇಡಿ. ಊರಲ್ಲಿ ಒಲೆಗೆ ಅದೇ ಕಟ್ಟಿಗೆ, ಇದ್ದಿಲಿಗೂ ಅದೇ. ಹಾದಿಯ ಎರಡೂ ಬದಿ ಒಂದೊಂದು ಮೀಟರ್ ಬಿಡಿಸಿದರೆ ಸಾಕು. ಕಡಿದ ಮುಳ್ಳುಕೊಂಬೆಯನ್ನು ಹಾದಿ ಪಕ್ಕ ಎಸೆಯದೆ, ಕಟ್ಟಿಗೆಗೆ ಬರುವ ಹೆಣ್ಮಕ್ಕಳಿಗೆ ಮುಂಚೆಯೇ ಹೇಳಿ ಒಂದು ಕಡೆ ಒಟ್ಟಿ. ಅವರ ಕೆಲಸ ಹಗುರಾಗುತ್ತದೆ, ನಿಮ್ಮ ಹಾದಿಯೂ ಚೊಕ್ಕಟ. ಬಿದ್ದ ಮುಳ್ಳನ್ನು ಕೊನೆಗೆ ಪೊರಕೆಯಿಂದ ಗುಡಿಸಲೇಬೇಕು, ನಗಬೇಡಿ.

ಬಾಣದ ಗುರುತಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬಂಡೆಗೆ ಬಣ್ಣ ಬಳಿಯಬಾರದು. ಅಮೆರಿಕದ ಆ ಹಾದಿಯಲ್ಲಿ ಮರಗಳ ಮೇಲೆ ಎರಡಿಂಚು ಅಗಲ, ಆರಿಂಚು ಎತ್ತರದ ಬಿಳಿ ಪಟ್ಟಿ ಬಳಿಯುತ್ತಾರೆ. ಅಲ್ಲಿಗೆ ಅದು ಸರಿ. ನಮ್ಮ ಗುಡ್ಡಗಳಲ್ಲಿ ಯಾವ ಬಂಡೆಯ ಹೊಟ್ಟೆಯಲ್ಲಿ ಕೆಂಪು ಕಾವಿಯ ಹಳೇ ಚಿತ್ರ ಇದೆಯೋ ಹೇಳೋಕಾಗುವುದಿಲ್ಲ. ಹಿರೇಬೆಣಕಲ್ ಸುತ್ತ, ಆನೆಗೊಂದಿ ಹತ್ತಿರದ ಒನಕೆ ಕಿಂಡಿಯಲ್ಲಿ ಅಂಥ ಚಿತ್ರಗಳಿವೆ. ಮಾಸಿದ ಚಿತ್ರ ಬಿಸಿಲಲ್ಲಿ ಕಣ್ಣಿಗೇ ಬೀಳುವುದಿಲ್ಲ. ಅದರ ಮೇಲೆ ನಿಮ್ಮ ಆಯಿಲ್ ಪೇಂಟ್ ಬಾಣ ಬಿದ್ದರೆ ಯಾರೂ ತೆಗೆಯೋಕೆ ಆಗುವುದಿಲ್ಲ.

ಬೇರೆ ದೇಶಗಳಲ್ಲಿ ಕಲ್ಲು ಮೇಲೆ ಕಲ್ಲು ಪೇರಿಸಿ ದಾರಿ ತೋರಿಸುತ್ತಾರೆ. ನಮ್ಮಲ್ಲಿ ಅದೂ ನಡೆಯುವುದಿಲ್ಲ. ಹಂಪಿ, ಆನೆಗೊಂದಿ ಕಡೆ ಸ್ವಂತ ಮನೆ ಆಗಲಿ ಅಂತ ಹರಕೆ ಹೊತ್ತು ಭಕ್ತರು ಎಲ್ಲೆಂದರಲ್ಲಿ ಪುಟ್ಟ ಕಲ್ಲುಮನೆ ಪೇರಿಸಿರುತ್ತಾರೆ. ಅದನ್ನು ನಂಬಿ ಓಡಿದರೆ ಯಾರದೋ ಮನೆಯ ಕನಸಿನ ಹಿಂದೆ ಹೋಗಿ ಕಂದಕದ ಬಾಯಿಗೆ ನಿಲ್ಲುತ್ತೀರಿ. ಹಾಗಾಗಿ ಖಾಯಂ ಗುರುತಿಗೆ ಕವಲು ಇರುವ ಕಡೆ ಮಾತ್ರ ಮೊಣಕಾಲೆತ್ತರದ ಮರದ ಗೂಟ ನೆಡಿ, ಅದೂ ಜಾಗದ ಒಡೆಯರು ಒಪ್ಪಿದರೆ. ಓಟದ ದಿನಕ್ಕೆ ಬಟ್ಟೆಯ ಪಟ್ಟಿ ಕಟ್ಟಿ, ಅವತ್ತೇ ಸಂಜೆ ಬಿಚ್ಚಿ ತನ್ನಿ. ಎಣಿಸಿ ಕಟ್ಟಿ, ಎಣಿಸಿ ಬಿಚ್ಚಿ. ಪ್ಲಾಸ್ಟಿಕ್ ರಿಬ್ಬನ್ ಬೇಡ, ಮೇಕೆ ತಿನ್ನುತ್ತದೆ.

ಸ್ವಯಂಸೇವಕರು ಎಲ್ಲಿ ಸಿಗುತ್ತಾರೆ ಅಂತ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಕೊಪ್ಪಳದವರಿಗೆ ಈ ವಿಷಯದಲ್ಲಿ ಪಾಠ ಬೇಕಾಗಿಲ್ಲ. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಜೋಳದ ರೊಟ್ಟಿ ಬಂದು ಬೀಳುತ್ತವೆ. ಮಿರ್ಚಿ ಕರಿಯುವವರು, ಎಲೆ ಎತ್ತುವವರು ಎಲ್ಲರೂ ಸೇವೆಗೆ ಬಂದವರೇ. 2019ರಲ್ಲಿ ಗವಿಮಠದ ಶ್ರೀಗಳು ಮುಂದೆ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದಾಗಲೂ ಜನ ತಾವಾಗಿಯೇ ಬಂದರು. ಆ ಸೇವೆಯನ್ನು ಹತ್ತಿರದಿಂದ ನೋಡಿ. ಬಂದವರಿಗೆ ತಕ್ಷಣ ಕೈಗೊಂದು ಕೆಲಸ ಸಿಗುತ್ತದೆ, ಹೊಟ್ಟೆಗೆ ಊಟ ಸಿಗುತ್ತದೆ. ನಿಮ್ಮ ಭಾನುವಾರದ ಕೆಲಸಕ್ಕೂ ಅಷ್ಟೇ ಬೇಕು. ಹತ್ತು ಜನ ಬಂದು ಮೂರೇ ಸಲಿಕೆ ಇದ್ದರೆ ಏಳು ಜನ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಮುಂದಿನ ವಾರ ಬರುವುದಿಲ್ಲ. ಸಲಿಕೆ, ಗುದ್ದಲಿ, ಪುಟ್ಟಿ, ಹಾರೆ ಇವನ್ನು ಊರವರಿಂದ ಕೇಳಿ ತನ್ನಿ. ಎರಡೂವರೆ ಗಂಟೆ ಕೆಲಸ, ಆಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ. ಖರ್ಚು ಅಂತ ಆಗೋದು ಇದಕ್ಕೇ. ಪ್ರಾಯೋಜಕರ ಬ್ಯಾನರ್ ಹಿಡಿದು ಬರುವವರನ್ನು ಮೊದಲ ವರ್ಷ ದೂರ ಇಡಿ ಅಂತ ನನ್ನ ಅಭಿಪ್ರಾಯ. ದುಡ್ಡು ಬಂದ ಕೂಡಲೇ ಹಾದಿಗಿಂತ ವೇದಿಕೆ ದೊಡ್ಡದಾಗುತ್ತದೆ.

ಹೆಣ್ಮಕ್ಕಳು ಓಡೋಕೆ ಬರಬೇಕು ಅಂದರೆ ಹಾದಿ ಶುರುವಾಗುವ ಜಾಗ ಊರ ಶಾಲೆಯೋ ಗುಡಿಯೋ ಆಗಿರಲಿ. ಶೌಚಾಲಯ, ಬಟ್ಟೆ ಬದಲಿಸೋಕೆ ಒಂದು ಕೋಣೆ ಬೇಕು. ಗುಡ್ಡದ ಬುಡದ ಪಾಳು ಜಾಗದಿಂದ ಶುರು ಮಾಡಿ, ‘ನಮ್ಮಲ್ಲಿ ಮಹಿಳೆಯರು ಮುಂದೆ ಬರಲ್ಲ’ ಅಂತ ದೂರೋದು ನ್ಯಾಯವಲ್ಲ.

ಸ್ಪರ್ಧೆಯ ವಿಷಯ. ಈ ಜನವರಿಗೆ ಬೇಡ. ಹಾದಿ ಒಂದು ಮಳೆಗಾಲ ಕಾಣಲಿ. ಆಮೇಲೆ ಮೂವತ್ತು ಜನಕ್ಕೆ ಮೀರದಂತೆ, ಬಹುಮಾನ ಇಲ್ಲದ, ಬರೀ ಸಮಯ ಬರೆದುಕೊಳ್ಳುವ ಓಟ ಇಡಿ. ಪ್ರವೇಶ ಶುಲ್ಕದ ಬದಲು ಒಂದು ಬೆಳಗಿನ ಕೆಲಸ ಕೇಳಿ. ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ ನೂರು ಮೈಲಿ ಓಟ ಜಗತ್ತಿನಲ್ಲೇ ಹೆಸರಾದದ್ದು. ಅದರಲ್ಲಿ ಓಡೋಕೆ ಜಾಗ ಸಿಕ್ಕವರೂ ಎಂಟು ಗಂಟೆ ಸ್ವಯಂಸೇವೆ ಮಾಡಿ ತೋರಿಸಬೇಕು. ಅಷ್ಟು ದೊಡ್ಡವರು ಕೇಳುವಾಗ ನೀವು ಕೇಳೋಕೆ ಸಂಕೋಚ ಯಾಕೆ?

ದಿನ ಆರಿಸುವಾಗ ಪಂಚಾಂಗ ನೋಡಿ. ಡಿಸೆಂಬರ್‌ನಲ್ಲಿ ಹನುಮ ಮಾಲೆ ಧರಿಸಿದವರು ಅಂಜನಾದ್ರಿಗೆ ಸಾವಿರಗಟ್ಟಲೆ ಬರುತ್ತಾರೆ. ಜನವರಿಯ ಆಸುಪಾಸು ಗವಿಮಠದ ಜಾತ್ರೆ. ಆ ದಿನಗಳಲ್ಲಿ ಆಂಬುಲೆನ್ಸ್, ಪೊಲೀಸರು, ನಿಮ್ಮ ಸ್ವಯಂಸೇವಕರು ಎಲ್ಲರೂ ಅಲ್ಲೇ ಇರುತ್ತಾರೆ. ಜಾತ್ರೆ ಮುಗಿದು ಎರಡು ವಾರ ಬಿಟ್ಟು ಇಟ್ಟುಕೊಂಡರೆ ಬಿಸಿಲೂ ಇನ್ನೂ ಏರಿರುವುದಿಲ್ಲ. ಓಟದ ದಿನ ಎಷ್ಟು ಜನ ಮೇಲೆ ಹೋದರು, ಎಷ್ಟು ಜನ ಕೆಳಗೆ ಬಂದರು ಅನ್ನೋದನ್ನು ಒಬ್ಬರೇ, ಬೇರೆ ಯಾವ ಕೆಲಸವೂ ಇಲ್ಲದೆ, ಬರೆದುಕೊಳ್ಳಬೇಕು. ಕೊನೆಯ ಓಟಗಾರನ ಹಿಂದೆ ನಿಮ್ಮವರು ಇಬ್ಬರು ಇರಲಿ.

ನೀರು, ಉಪ್ಪಿನ ಬಗ್ಗೆ ಹೇಳಿಬಿಡುತ್ತೇನೆ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ನಿಂಬೆಹಣ್ಣು ಹಿಂಡಿದರೆ ಕುಡಿಯೋಕೆ ಚೆನ್ನ. ಉಪ್ಪು ಹಾಕಿದ ಮಜ್ಜಿಗೆಯೂ ಆದೀತು. ಬರೀ ನೀರನ್ನೇ ಬಾಟಲಿಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೇ ಅಪಾಯ. ಬಾಯಾರಿದಷ್ಟು ಕುಡಿಯಿರಿ. ಓಡುತ್ತಿದ್ದವರು ತೊದಲಿದರೆ, ಗೊತ್ತುಗುರಿ ಇಲ್ಲದೆ ಮಾತಾಡಿದರೆ ಬಿಸಿಲು ಹೊಡೆತ ಅಂತಲೇ ತಿಳಿಯಿರಿ. ನೆರಳಿಗೆ ತಂದು, ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ. ಮೊದಲು ಮೈ ತಣ್ಣಗೆ ಮಾಡಬೇಕು, ಆಮೇಲೆ ಸಾಗಿಸಬೇಕು.

ರಸ್ತೆಯಲ್ಲಿ ಓಡಿ ರೂಢಿ ಇರುವವರಿಗೆ ಗುಡ್ಡದಲ್ಲಿ ಬೇಜಾರಾಗೋದು ವೇಗ ನೋಡಿ. ರಸ್ತೆಯ ಲೆಕ್ಕ ಮರೆತುಬಿಡಿ, ಗಂಟೆ ಲೆಕ್ಕದಲ್ಲಿ ಓಡಿ. ಏರಿನಲ್ಲಿ ನಡೆಯೋದು ಸೋಲಲ್ಲ, ಎಲ್ಲರೂ ನಡೆಯುತ್ತಾರೆ. ಇಳಿಯುವಾಗ ಉದ್ದ ಹೆಜ್ಜೆ ಬೇಡ, ಚಿಕ್ಕ ಚಿಕ್ಕ ಹೆಜ್ಜೆ, ಕಣ್ಣು ಮೂರು ನಾಲ್ಕು ಮೀಟರ್ ಮುಂದೆ. ನಮ್ಮ ಗ್ರಾನೈಟ್ ಬಂಡೆ ಒಣಗಿದ್ದರೆ ಶೂ ಅಂಟಿಕೊಂಡ ಹಾಗೆ ಹಿಡಿಯುತ್ತದೆ. ಜಾರೋದು ಬಂಡೆಯಲ್ಲ, ಬಂಡೆ ಮೇಲೆ ಉದುರಿ ಬಿದ್ದಿರುವ ಗರಸು ಕಾಳು. ಅದು ಕಂಡ ಕಡೆ ನಡೆಯಿರಿ. ಮಳೆಗಾಲದಲ್ಲಿ ಕಪ್ಪು ಪಾಚಿ ಕಟ್ಟಿದ ಬಂಡೆಗೆ ಕಾಲಿಡಲೇಬೇಡಿ.

ಶೂ ಕೇಳಿದ್ದಿರಿ. ದುಬಾರಿ ಬೇಡ. ಅಡಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಹಲ್ಲು ಇದ್ದರೆ ನಮ್ಮ ಒಣ ನೆಲಕ್ಕೆ ಸಾಕು. ಅದಕ್ಕಿಂತ ಆಳದ ಹಲ್ಲು ಕೆಸರಿನ ನಾಡಿಗೆ. ಬೆರಳ ಮುಂದೆ ಹೆಬ್ಬೆರಳ ಅಗಲ ಜಾಗ ಇರಲಿ, ಇಲ್ಲಾಂದ್ರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಮೆತ್ತನೆಯ ದಪ್ಪ ಫೋಮ್ ಇರುವ ರಸ್ತೆ ಶೂ ಹಾಕಿ ಬಂದರೆ ಜಾಲಿ ಮುಳ್ಳು ನೇರ ಪಾದಕ್ಕೆ ಬರುತ್ತದೆ. ಒಳಗೆ ಗಟ್ಟಿ ಹಾಳೆ ಇಟ್ಟ ಟ್ರೇಲ್ ಶೂ ಸಿಕ್ಕರೆ ಒಳ್ಳೇದು. ಸಿಗದಿದ್ದರೂ ಜೇಬಲ್ಲಿ ಒಂದು ಚಿಮುಟ ಮತ್ತು ಪಿನ್ನು ಇಟ್ಟುಕೊಳ್ಳಿ. ಮುಳ್ಳು ಶೂ ಅಡಿಯಲ್ಲಿ ಮುರಿದು ಉಳಿದಿದ್ದರೆ ಮನೆಗೆ ಹೋದ ಮೇಲೆ ಇಕ್ಕಳದಿಂದ ಎಳೆದು ತೆಗೆಯಿರಿ. ಬಿಟ್ಟರೆ ದಿನ ಕಳೆದಂತೆ ಒಳಕ್ಕೇ ಸರಿಯುತ್ತದೆ. ಧನುರ್ವಾಯು ಇಂಜೆಕ್ಷನ್ ಹತ್ತು ವರ್ಷದೊಳಗೆ ಆಗಿದೆಯಾ ಅಂತ ಎಂಟೂ ಜನ ನೋಡಿಕೊಳ್ಳಿ.